ಅತ್ತೆಯ ಕಂಪ್ಯೂಟರಿನ ಅಟ್ಟ

ಮನೆಗೆ ಬಣ್ಣ ಹೊಡೆಸಬೇಕು ಅನ್ನುವ ಮಾತು ನಮ್ಮಲ್ಲಿ ಯುಗಾದಿಯಿಂದಲೂ ನಡೆಯುತ್ತಿದೆ. ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಪೇಪರು ಬಿಡಿಸುವಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ರೀ, ಪೇಂಟಿನವನು ಸೋಮವಾರ ಬರ್ತಾನಂತೆ. ಇವತ್ತು ಅಟ್ಟ ಖಾಲಿ ಮಾಡಿ." ಇಂಥ ಮಾತು ಕಿವಿಗೆ ಬಿದ್ದರೆ ಗಂಡಸರು ಪೇಪರಿನ ಹಿಂದೆ ಇನ್ನಷ್ಟು ಒಳಗೆ ಸರಿಯುವುದು ವಾಡಿಕೆ. ನನಗೆ ಮಾತ್ರ ಎದೆ ಧಸಕ್ಕೆಂದಿತು. ಕಾಫಿ ಪಂಚೆಯ ಮೇಲೆ ತುಳುಕಿತು. "ನಾಳೆ ನೋಡೋಣ ಬಿಡೇ" ಎಂದೆ. "ನಾಳೆಯೇ ಸೋಮವಾರ" ಎಂದಳು.

ಎದೆ ಧಸಕ್ಕೆನ್ನುವುದಕ್ಕೆ ಎರಡು ಕಾರಣಗಳಿದ್ದವು. ಒಂದನ್ನು ಕೊನೆಗೆ ಹೇಳುತ್ತೇನೆ, ಅದನ್ನು ಹೇಳಲು ನನಗೆ ಇನ್ನೂ ಸ್ವಲ್ಪ ಧೈರ್ಯ ಬೇಕು. ಇನ್ನೊಂದು ಹೊಳೆನರಸೀಪುರದ ನಮ್ಮ ಅತ್ತೆಯದು, ಅಂದರೆ ನಮ್ಮಪ್ಪನ ತಂಗಿಯದು. ಅದಕ್ಕಾಗಿ ನೀವು ನನ್ನ ಜೊತೆ ಒಂದಿಪ್ಪತ್ತು ವರ್ಷ ಹಿಂದಕ್ಕೆ ಬರಬೇಕು.

ಆಗ ನಾನು ಹಾಸನದ ಒಂದು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆಯಾಗಿ ಬಂದ ಒಂದು ಸಿಡಿಯಿಂದ ನನ್ನ ತಲೆ ಕೆಟ್ಟಿತು. ಅದರಲ್ಲಿದ್ದದ್ದು ಪೆಂಗ್ವಿನ್ ಹಕ್ಕಿಯ ಗುರುತಿನ ಲಿನಕ್ಸ್. ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಆಗ ಎಲ್ಲರ ಮನೆಯಲ್ಲೂ ಇದ್ದ ವಿಂಡೋಸಿನ ಕಳ್ಳ ನಕಲಿಗೆ ಬದಲಿಯಾಗಿ ಹಾಕಿಕೊಳ್ಳಬಹುದಾದದ್ದು. ಯಾರ ಅಪ್ಪಣೆಯನ್ನೂ ಕೇಳದೆ ಹಂಚಬಹುದು, ಬಿಚ್ಚಿ ನೋಡಬಹುದು, ಬೇಡವಾದದ್ದನ್ನು ತಿದ್ದಿಕೊಳ್ಳಬಹುದು. ನನಗೆ ಅದು ಮೊದಲ ಸಲ ನಿಜವಾದ ಸ್ವಾತಂತ್ರ್ಯ ಅನ್ನಿಸಿತು. ಅನ್ನಿಸಿದ್ದನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ನೆಂಟರಿಷ್ಟರು ನೆಮ್ಮದಿಯಾಗಿರುತ್ತಿದ್ದರು. ನಾನು ಸಿಡಿಗಳಿಗೆ ಗೀರು ಬೀಳಬಾರದೆಂದು ಚಪಾತಿ ಡಬ್ಬಿಯಲ್ಲಿ ತುಂಬಿಕೊಂಡು ಭಾನುವಾರ ಭಾನುವಾರ ಬಸ್ಸು ಹತ್ತತೊಡಗಿದೆ.

ಅರಕಲಗೂಡಿನಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದ ನನ್ನ ಬಾಲ್ಯದ ಗೆಳೆಯ ಪುಟ್ಟಸ್ವಾಮಿ ಮೊದಲ ಬಲಿ. ವಾರ ತುಂಬುವ ಮೊದಲೇ ಅವನ ಫೋನು ಬಂತು. "ಲೇ, ಪ್ರಿಂಟ್ರು ಬಾಯೇ ಬುಡಾಕಿಲ್ಲ ಅಂತದೆ. ಗಿರಾಕಿಗೋಳು ಬಿಲ್ಗೆ ಕಾಯ್ಕಂಡ್ ನಿಂತವ್ರೆ. ನಿನ್ ಪೆಂಗ್ವಿನ್ನ ನೀನೇ ಎತ್ಕಂಡ್ ಓಗು ಕಣ್ಲಾ!" ಚನ್ನರಾಯಪಟ್ಟಣದ ಷಡ್ಡಕರು ಹಾಗೆಲ್ಲ ಒರಟಾಗಿ ಮಾತನಾಡುವವರಲ್ಲ. ಕೇಳಿದಾಗಲೆಲ್ಲ "ಬಹಳ ಚೆನ್ನಾಗಿದೆ" ಅನ್ನುತ್ತಿದ್ದರು. ಆಮೇಲೆ ತಿಳಿಯಿತು, ನಾನು ಹಾಕಿಕೊಟ್ಟು ಬಂದ ದಿನದಿಂದ ಅದನ್ನು ಆನ್ ಮಾಡಿಯೇ ಇರಲಿಲ್ಲ. ಹೀಗಾಗಿ ಫೋನು ಗಣಗಣ ಅಂದರೆ ಸಾಕು, ಯಾರ ಮನೆಯಲ್ಲಿ ಏನು ಕೆಟ್ಟಿತೋ ಎಂದು ನನಗೆ ದಿಗಿಲಾಗುತ್ತಿತ್ತು. ಊರಿನವರ ಕಂಪ್ಯೂಟರಿಗೆಲ್ಲ ನಾನೇ ಹೊಣೆ ಎಂದು ಯಾರೂ ಹೇಳಿರಲಿಲ್ಲ, ನಾನೇ ಹೊತ್ತುಕೊಂಡಿದ್ದೆ.

ಅತ್ತೆಯ ಮನೆಯ ಸಂಗತಿ ಬೇರೆ. ಅವಳೇ ಕರೆದದ್ದು.

ಹೊಳೆನರಸೀಪುರದ ಕೋಟೆ ಬೀದಿಗಳಲ್ಲಿ ಆಗ ಯಾವ ಮದುವೆಯಾದರೂ ಹೆಣ್ಣು ಗಂಡನ್ನು ಹಸೆಗೆ ಕರೆಯಲು ನಮ್ಮತ್ತೆ ಬಂದೇ ಬರಬೇಕಿತ್ತು. ಹಸೆಯ ಹಾಡು, ಆರತಿಯ ಹಾಡು, ಉರುಟಣೆಯ ತಮಾಷೆಯ ಹಾಡು, ತೊಟ್ಟಿಲ ಹಾಡು, ಎಲ್ಲ ಅವಳ ಬಾಯಲ್ಲೇ ಇದ್ದವು. ಬರೆದಿಟ್ಟದ್ದು ಒಂದಕ್ಷರವಿಲ್ಲ. ಒಂದು ದಿನ ಫೋನು ಮಾಡಿ, "ಹಾಡೆಲ್ಲ ಕಂಪ್ಯೂಟರಿಗೆ ಹೇಳ್ಬಿಡೋಣ ಅಂತಿದೀನಿ ಕಣೋ. ಇವರ ಮಿಷೀನು ಅರ್ಧ ಹಾಡಿಗೇ ಪ್ರಾಣ ಬಿಡುತ್ತೆ. ನಿನ್ನದ್ಯಾವುದೋ ಹೊಸದಿದೆಯಂತಲ್ಲ, ತಗೊಂಡ್ ಬಾ" ಎಂದಳು. ಅವಸರವೇನು ಎಂದರೆ, "ಗಂಟಲು ಸ್ವಲ್ಪ ಕಿಚಕಿಚ" ಎಂದಳು.

ಕಿಚಕಿಚ ಅಂದರೆ ಏನೆಂದು ನನಗೆ ಅವಳ ಮಗಳು ಸುಧಾಳಿಂದ ತಿಳಿಯಿತು. ಗಂಟಲಲ್ಲಿ ಗಂಟು. ಮೈಸೂರಿನಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಜೀವಕ್ಕೆ ಭಯವಿಲ್ಲ, ಆದರೆ ದನಿಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ, ಆಮೇಲೆ ಮಾತು ಬಂದರೂ ಹಾಡು ಬರುವ ಭರವಸೆ ಕೊಡಲಾರೆ ಎಂದಿದ್ದರಂತೆ ಡಾಕ್ಟರು. "ದನಿ ವಿಷಯ ಅಪ್ಪನಿಗೆ ಹೇಳ್ಬೇಡ ಅಂದಿದಾಳೆ ಅಮ್ಮ. ನೀನೂ ಗೊತ್ತಿಲ್ಲದ ಹಾಗಿರು" ಎಂದಳು ಸುಧಾ. ನಮ್ಮ ವಂಶದಲ್ಲಿ ಗೊತ್ತಿಲ್ಲದ ಹಾಗಿರುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ.

ಸರಿ, ಚಪಾತಿ ಡಬ್ಬಿ ಹಿಡಿದು ಹೋದೆ. ಮಾವ, ಅಂದರೆ ಅತ್ತೆಯ ಗಂಡ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಕಂಪ್ಯೂಟರನ್ನು ನಡುಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ, ಅಟ್ಟದ ಕೆಳಗೆ ಇಟ್ಟಿದ್ದರು. ಮೇಲಿನಿಂದ ಅದರ ಮೇಲೆ ಧೂಳು ಉದುರುತ್ತಿತ್ತು. "ಪಾಪ, ಇದು ಅಟ್ಟದ ಕೆಳಗೆ ಉಸಿರು ಕಟ್ಟಿಕೊಂಡು ಕೂತಿದೆ ಮಾವ" ಎಂದು ನಾನು ಒಂದು ಮಾತು ಅಂದೆ. ಮಾವ ತಲೆಯೆತ್ತಿ ಅಟ್ಟ ನೋಡಿ, ಹೂಂ ಎಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಲಿನಕ್ಸ್ ಹಾಕಿದೆ. ಅತ್ತೆಗೆ ಇಂಗ್ಲಿಷ್ ಒಗ್ಗದೆಂದು ತೆರೆಯ ಮೇಲಿನ ಮಾತುಗಳೆಲ್ಲ ಕನ್ನಡದಲ್ಲಿ ಬರುವ ಹಾಗೆ ಮಾಡಿದೆ. ಅತ್ತೆ ಮೈಕಿನ ಮುಂದೆ ಕೂತು ಸೆರಗು ಸರಿಪಡಿಸಿಕೊಂಡು ಒಂದು ಆರತಿ ಹಾಡಿದಳು. ಮತ್ತೆ ಕೇಳಿಸಿದರೆ ಏನೂ ಇಲ್ಲ. ತಂತಿ ಬದಲಿಸಿದೆ, ಮತ್ತೆ ಹಾಡಿಸಿದೆ. ಏನೂ ಇಲ್ಲ. ಹಳೆಯ ಮಿಷೀನಾದರೆ ಅರ್ಧ ಹಾಡನ್ನಾದರೂ ಹಿಡಿಯುತ್ತಿತ್ತು, ನಾನು ಅದನ್ನೂ ಕೆಡಿಸಿದೆನಲ್ಲ ಎಂದು ತೆರೆಯ ಮೇಲಿದ್ದದ್ದನ್ನೆಲ್ಲ ಒಂದೊಂದಾಗಿ ತೆರೆದು ಹುಡುಕಿದೆ. ದಿನಗಳು ಕಡಿಮೆ ಇದ್ದವು. ಕೊನೆಗೆ ದನಿಯ ಹತೋಟಿಯ ಪುಟ್ಟ ಕಿಟಕಿಯೊಂದನ್ನು ತೆರೆದರೆ, ಮೈಕಿನ ಚಿತ್ರದ ಕೆಳಗೆ ಒಂದು ಚೌಕ, ಅದರಲ್ಲೊಂದು ಗುರುತು, ಪಕ್ಕದಲ್ಲಿ ಒಂದೇ ಪದ: "ಮೂಕ". ಲಿನಕ್ಸ್ ಆಗ ಹಾಗೇ ಇತ್ತು, ನೀವಾಗಿ ಬಾಯಿ ಬಿಡಿಸುವವರೆಗೂ ಮೈಕು ಮುಚ್ಚಿಕೊಂಡೇ ಇರುತ್ತಿತ್ತು. ಗುರುತು ತೆಗೆದೆ, ಸರಿಹೋಯಿತು. ಸಂತೋಷದಿಂದ ತಿರುಗಿದರೆ ಅತ್ತೆಯ ಮುಖ ಬಿಳಿಚಿಕೊಂಡಿತ್ತು.

"ಆ ಪದ ತೆಗಿಯೋ" ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮತ್ತೆ ಅಶುಭವಾದ ಪದವನ್ನು ಬಾಯಲ್ಲಿ ಆಡಿದವಳೇ ಅಲ್ಲ. ಅವಳ ಮನೆಯಲ್ಲಿ ದೀಪ ಆರಿಸುತ್ತಿರಲಿಲ್ಲ, ದೊಡ್ಡದು ಮಾಡುತ್ತಿದ್ದರು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಕುಂಕುಮ ಮುಗಿದರೂ ಹೆಚ್ಚಿದೆ ಎಂದೇ ಅಂಗಡಿಗೆ ಕಳಿಸುತ್ತಿದ್ದಳು. ನಾನು ಚಿಕ್ಕವನಿದ್ದಾಗ "ಅತ್ತೆ, ಹೋಗ್ತೀನಿ" ಎಂದರೆ ಬಾಗಿಲಿನಿಂದ ವಾಪಸು ಕರೆಸಿ "ಹೋಗಿ ಬರ್ತೀನಿ" ಎಂದು ಹೇಳಿಸಿಯೇ ಕಳಿಸಿದವಳು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ.

ಲಿನಕ್ಸಿನ ಹೆಚ್ಚುಗಾರಿಕೆಯೇ ಅದು ನೋಡಿ, ತೆರೆಯ ಮೇಲಿನ ಪದಗಳನ್ನೆಲ್ಲ ಬೇರೆಯಾಗಿ ಇಟ್ಟಿರುತ್ತಾರೆ, ಬೇಕಾದವರು ಬದಲಾಯಿಸಿಕೊಳ್ಳಬಹುದು. ನಾನು ಹುಮ್ಮಸ್ಸಿನಿಂದ "ಮೂಕ" ತೆಗೆದು "ಮೌನ" ಎಂದು ಮಾಡಿದೆ. ಅತ್ತೆಗೆ ನಂಬಿಕೆ ಬಂತು. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದತೊಡಗಿದಳು. "ನಿರ್ಗಮಿಸು ಅಂತ ಇದೆಯಲ್ಲೋ, ಯಾರಾದರೂ ಹಾಗಂತಾರಾ?" ಅದು "ಹೋಗಿ ಬಾ" ಆಯಿತು. ಕಂಪ್ಯೂಟರ್ ಮುಚ್ಚುವುದು "ದೊಡ್ಡದು ಮಾಡು" ಆಯಿತು. "ಇದೇನೋ ಇದು, ಅಳಿಸು! ಹಸೆ ಹಾಡಿನ ಪಕ್ಕದಲ್ಲಿ ಯಾರನ್ನೋ ಅಳಿಸೋದು?" ಅಳಿಸು ಅಂದರೆ ಒರೆಸಿ ಹಾಕು ಎಂದರ್ಥ ಎಂದು ವಾದಿಸಿದೆ. ನಡೆಯಲಿಲ್ಲ. ಅದು "ತೆಗೆದಿಡು" ಆಯಿತು. ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದ ಬುಟ್ಟಿಯ ಹತ್ತಿರ ಬಂದಾಗಲಂತೂ ಅವಳಿಗೆ ಸಿಟ್ಟೇ ಬಂತು. "ದೇವರ ಹಾಡನ್ನ ಕಸದ ಬುಟ್ಟಿಗೆ ಹಾಕ್ತಾರೇನೋ? ನಮ್ಮನೇಲಿ ಬೇಡದ್ದನ್ನ ಅಟ್ಟಕ್ಕೆ ಹಾಕ್ತೀವಿ." ಸರಿ, ಕಸದ ಬುಟ್ಟಿ "ಅಟ್ಟ" ಆಯಿತು. ನಾನು ಎಷ್ಟು ಹಿಗ್ಗಿದೆನೆಂದರೆ ಹಾಸನದ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಇದನ್ನೇ ಹೇಳಿದೆ.

ಅತ್ತೆ ದಿನವೂ ಮಧ್ಯಾಹ್ನ ಕೂತು ಹಾಡಿದಳು. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಕೆಮ್ಮು ಬಂದರೆ ಮತ್ತೆ ಮೊದಲಿನಿಂದ. ಆಪರೇಷನ್ನಿನ ಹೊತ್ತಿಗೆ ಎಲ್ಲ ಮುಗಿದಿತ್ತು. ಅವುಗಳ ಇನ್ನೊಂದು ಪ್ರತಿ ಮಾಡಿಕೊಳ್ಳಲು ನಾನು ಮುಂದಿನ ಭಾನುವಾರ ಬರುವುದೆಂದು ಮಾತಾಗಿತ್ತು.

ಆಪರೇಷನ್ ಆದ ಮಾರನೆಯ ದಿನ. ಅತ್ತೆ ಮೈಸೂರಿನ ಆಸ್ಪತ್ರೆಯಲ್ಲಿ, ಜೊತೆಗೆ ಸುಧಾ. ಮಾವ ಮನೆಯ ದೇವರ ಪೂಜೆ ತಪ್ಪಬಾರದೆಂದು ಊರಿಗೆ ಬಂದಿದ್ದರು. ನಾನು ಕಾಲೇಜಿನಲ್ಲಿ ಇನ್ನೇನು ಕ್ಲಾಸಿಗೆ ಹೊರಡಬೇಕು, ಮೊಬೈಲಿಗೆ ಮಾವನ ಫೋನು.

"ಲೋ, ಕಂಪ್ಯೂಟರು ಜಾಗ ಸಾಲದು ಅಂತಿದೆ ಕಣೋ. ಬೇಡವಾದದ್ದನ್ನು ತೆಗೆಯಿರಿ ಅಂತ ಬಂದಿದೆ."

ಲಿನಕ್ಸ್ ಹಾಕುವಾಗ ಡಿಸ್ಕನ್ನು ಪಾಲು ಮಾಡಿದವನು ನಾನೇ. ಹಾಡುಗಳ ಪಾಲಿಗೆ ಜಾಗ ಕಡಿಮೆ ಬಿಟ್ಟಿದ್ದೆ. ತಪ್ಪಿದ ಹಾಡುಗಳೆಲ್ಲ ಅಟ್ಟದಲ್ಲಿ ಬಿದ್ದು ಜಾಗ ತಿಂದಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

"ಅಟ್ಟ ಖಾಲಿ ಮಾಡಿ ಮಾವ, ಸರಿಹೋಗುತ್ತೆ."

"ಅಟ್ಟನಾ? ಪೂರ್ತಿನಾ?"

"ಪೂರ್ತಿ ಮಾಡಿ. ಅದರಲ್ಲಿರೋದು ಯಾವುದೂ ಬೇಕಾಗಿಲ್ಲ."

"ನಿಮ್ಮತ್ತೆ ಇಲ್ಲದಾಗ ಹೆಂಗೋ..."

"ಅತ್ತೆಗೆ ನಾನು ಹೇಳ್ತೀನಿ, ನೀವು ಮಾಡಿ."

"ಸರಿಯಪ್ಪ. ಹಾಡಿನದೇನೂ ಯೋಚನೆಯಿಲ್ಲ. ಮೈಸೂರಿಗೆ ಹೊರಡೋ ದಿನಾನೇ ಎಲ್ಲಾ ಹಾಡನ್ನೂ ಜೋಪಾನವಾಗಿ ತೆಗೆದಿಟ್ಟಿದೀನಿ" ಎಂದು ಮಾವ ಫೋನು ಇಟ್ಟರು.

ನಾನು ಕ್ಲಾಸಿಗೆ ಹೋಗಿ ಬೋರ್ಡಿನ ಮೇಲೆ ಒಂದು ಲೆಕ್ಕ ಶುರು ಮಾಡಿದೆ. ಅರ್ಧ ಸಾಲು ಬರೆದಿದ್ದೆ. ಆಗ ಆ ಪದ ಬಂದು ಬಡಿಯಿತು. ತೆಗೆದಿಟ್ಟಿದೀನಿ! ಮಾವ ಒಂದೊಂದೇ ಹಾಡಿನ ಮೇಲೆ ಬೆರಳಿಟ್ಟು "ತೆಗೆದಿಡು" ಒತ್ತಿದ್ದಾರೆ. ಜೋಪಾನ ಮಾಡುತ್ತಿದ್ದೇನೆ ಅಂದುಕೊಂಡು ಅಷ್ಟನ್ನೂ ಅಳಿಸಿದ್ದಾರೆ. ಅಷ್ಟೂ ಅಟ್ಟದಲ್ಲಿವೆ. ಆ ಅಟ್ಟವನ್ನು ಪೂರ್ತಿ ಖಾಲಿ ಮಾಡಿ ಎಂದು ನಾನು ಈಗ ತಾನೇ ಹೇಳಿ ಬಂದಿದ್ದೇನೆ. ಒಮ್ಮೆ ಖಾಲಿಯಾದರೆ ಅದನ್ನು ಮತ್ತೆ ತುಂಬಿಸುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಅತ್ತೆಯ ದನಿಯಂತೂ ನೆನ್ನೆಯೇ ಕತ್ತಿಯ ಕೆಳಗೆ ಹೋಗಿತ್ತು.

ಹುಡುಗರಿಗೆ ಏನು ಹೇಳಿ ಹೊರಬಂದೆನೋ ನೆನಪಿಲ್ಲ. ಮಾವನ ಮನೆಗೆ ಫೋನು ಮಾಡಿದೆ. ಗಣಗಣ ಅಂದಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಬಸ್‌ಸ್ಟ್ಯಾಂಡಿಗೆ ಓಡುತ್ತಲೂ ಮಾಡಿದೆ. ಕೂತು ಅಟ್ಟ ಖಾಲಿ ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಸಲ ಒತ್ತಿದರೆ ಮುಗಿಯಿತು. ಒತ್ತಿದ ಮೇಲೆ ಏನೋ ತಪ್ಪಾಗಿದೆ ಎಂದು ಗೊತ್ತಾಗಿ ಮಾವ ಫೋನು ಎತ್ತುತ್ತಿಲ್ಲವೇ? ಈ ಯೋಚನೆ ಬಂದಮೇಲೆ ನಾನು ಫೋನು ಮಾಡುವುದನ್ನೂ ಬಿಟ್ಟೆ. ಉತ್ತರ ಸಿಕ್ಕಿಬಿಟ್ಟರೆ ಎಂಬ ಹೆದರಿಕೆ.

ಬಸ್ಸು ಹೊರಡಲೊಲ್ಲದು. "ಒಳೇನರ್ಸೀಪುರ, ಒಳೇನರ್ಸೀಪುರ" ಎಂದು ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗುತ್ತಲೇ ಇದ್ದ. ಹೊರಟಿತು, ಮೊಸಳೆಹೊಸಹಳ್ಳಿಯಲ್ಲಿ ಮತ್ತೆ ನಿಂತಿತು. ಒಬ್ಬ ಹೆಂಗಸು ಕೋಳಿ ಬುಟ್ಟಿ ಇಳಿಸಿಕೊಳ್ಳುವವರೆಗೆ ನಾನು ಮುಂದಿನ ಸೀಟಿನ ಕಂಬಿ ಹಿಡಿದು ನಿಂತೇ ಇದ್ದೆ. ಕಂಡಕ್ಟರು ನನ್ನ ಮುಖ ನೋಡಿದ. "ಯಾಕ್ ಸಾ, ಮನೇಲಿ ಯಾರ್ಗಾದ್ರೂ ಉಸಾರಿಲ್ವಾ?" ಎಂದು ಕೇಳಿದ. ಪಾಪ, ಎಷ್ಟು ನೇರವಾಗಿ ಕೇಳಿದ! ನಾನು ನಮ್ಮ ವಂಶದವನಲ್ಲವೇ, "ಏನಿಲ್ಲಪ್ಪ, ಎಲ್ಲಾ ಚೆನ್ನಾಗಿದೆ" ಎಂದೆ.

ಅತ್ತೆಯ ಮನೆಯ ಬಾಗಿಲು ಹಾರು ಹೊಡೆದಿತ್ತು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ತಾಮ್ರದ ಹಂಡೆ, ಕೊಳಗ, ಕೊಪ್ಪರಿಗೆ, ಸುಧಾಳ ತೊಟ್ಟಿಲು, ಒನಕೆ, ದಸರಾ ಬೊಂಬೆಗಳ ಪೆಟ್ಟಿಗೆ, ಸುರುಳಿ ಸುತ್ತಿದ ಈಚಲು ಚಾಪೆಗಳು, ಎಲ್ಲದರ ಮೇಲೂ ಒಂದು ಬೆರಳು ದಪ್ಪ ಧೂಳು. ಸಣ್ಣ ಕೋಣೆಯಲ್ಲಿ ಏಣಿ. ಏಣಿಯ ತುದಿಯಲ್ಲಿ ಮಾವನ ಕಾಲು ಮಾತ್ರ ಕಾಣುತ್ತಿತ್ತು. ಉಳಿದ ಮಾವ ಅಟ್ಟದೊಳಗಿದ್ದರು.

"ಬಂದ್ಯಾ? ಒಳ್ಳೇದಾಯ್ತು. ಹಿಡ್ಕೋ ಈ ಪಾತ್ರೆ. ಫೋನು ಬಡ್ಕೋತಿತ್ತು ಕಣೋ, ಇಳಿದು ಹತ್ತಿ ಯಾರು ಮಾಡ್ತಾರೆ ಅಂತ ಬಿಟ್ಟೆ."

"ಮಾವ, ಕಂಪ್ಯೂಟರ್ ಮುಟ್ಟಿದ್ರಾ?"

"ಇಲ್ಲಪ್ಪ. ಮೊದಲು ಅಟ್ಟ ಖಾಲಿಯಾಗಲಿ ಅಂತ. ಉಸಿರು ಕಟ್ಟಿಕೊಂಡಿದೆ ಅಂತ ನೀನೇ ಅವತ್ತು ಹೇಳಿದ್ಯಲ್ಲ. ಆದ್ರೂ ಹೀಗೆ ಪೂರ್ತಿ ಅಂದ್ರೆ ನನ್ನ ಕೈಲಾಗಲ್ಲ ಕಣೋ, ಇನ್ನೂ ಅರ್ಧ ಇದೆ."

ನಾನು ಅಲ್ಲೇ ನೆಲದ ಮೇಲೆ, ಧೂಳಿನಲ್ಲಿ ಕೂತುಬಿಟ್ಟೆ. ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಎಪ್ಪತ್ತು ದಾಟಿದ ಮನುಷ್ಯ ನನ್ನ ಒಂದು ಮಾತಿಗೆ ಏಣಿ ಹತ್ತಿದ್ದಾರಲ್ಲ, ಜಾರಿದ್ದರೆ ಏನು ಗತಿ ಎಂಬ ಹೊಸ ಹೆದರಿಕೆ ಆಮೇಲೆ ಬಂತು. ಕೈಹಿಡಿದು ಅವರನ್ನು ಕೆಳಗಿಳಿಸಿದೆ.

ಕಂಪ್ಯೂಟರಿನ ಅಟ್ಟ ತೆರೆದು ನೋಡಿದೆ. ಹಾಡುಗಳೆಲ್ಲ ಇದ್ದವು. ಒಂದೊಂದನ್ನೇ ಅದರ ಜಾಗಕ್ಕೆ ಇಳಿಸಿದೆ. ನಡೆದದ್ದನ್ನು ಕೇಳಿ ಮಾವನ ಮುಖ ಸಣ್ಣದಾಯಿತು. "ಒಂದು ಹಾಕು, ಕೇಳೋಣ" ಎಂದರು. ಹಾಕಿದೆ. ಮೊದಲು ಅತ್ತೆ ಗಂಟಲು ಸರಿಮಾಡಿಕೊಂಡದ್ದು, "ರೀ, ಫ್ಯಾನ್ ನಿಲ್ಸಿ" ಅಂದದ್ದು, ಫ್ಯಾನು ನಿಧಾನವಾಗಿ ನಿಂತ ಸದ್ದು. ಆಮೇಲೆ ಹಸೆಯ ಹಾಡು. ಮಾವ ಒಂದು ಕೊಳಗ ಬೋರಲು ಹಾಕಿ ಅದರ ಮೇಲೆ ಕೂತರು. ಹಾಡು ಮುಗಿಯಿತು.

"ಇದನ್ನ ಕೇಳಕ್ಕೆ ಅಂತಲೇ ಬೆಳಿಗ್ಗೆ ಆನ್ ಮಾಡಿದ್ದು ಕಣೋ" ಎಂದರು ಆಮೇಲೆ. "ದನಿ ಹೋಗಬಹುದು ಅಂತ ಡಾಕ್ಟರು ನನಗೂ ಹೇಳಿದ್ರು. ಅವಳಿಗೆ ಗೊತ್ತಿಲ್ಲವಲ್ಲ ಅಂತ ನಾನು ಬಾಯಿಬಿಡಲಿಲ್ಲ."

ಅವಳಿಗೂ ಗೊತ್ತು ಮಾವ ಎಂದು ಹೇಳಬೇಕೋ ಬೇಡವೋ ತಿಳಿಯದೆ ನಾನು ಧೂಳು ಒರೆಸತೊಡಗಿದೆ. ಆದರೆ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಮಾವ ಒಂದು ಹಂಡೆ ಎಳೆದುಕೊಂಡು ತಾವೂ ಧೂಳು ಒರೆಸತೊಡಗಿದರು.

ಅತ್ತೆ ಊರಿಗೆ ಬಂದ ಮೇಲೆ ನೋಡಲು ಹೋದೆ. ಕುತ್ತಿಗೆಗೆ ಪಟ್ಟಿ. ಮಾತು ಬಂದಿತ್ತು, ಆದರೆ ಅದು ನಮ್ಮತ್ತೆಯ ದನಿಯಲ್ಲ, ಒರಟಾದ ಪಿಸುಮಾತು. ಹಾಡು ಮತ್ತೆ ಬರಲೇ ಇಲ್ಲ. ಅಟ್ಟದ ಕಥೆ ಕೇಳಿ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಸದ್ದಿಲ್ಲದೆ ನಕ್ಕಳು. ನಗು ನಿಂತ ಮೇಲೆ ನನ್ನನ್ನು ಹತ್ತಿರ ಕರೆದಳು.

"ಪದಗಳನ್ನೆಲ್ಲ ಮೊದಲಿನ ಹಾಗೇ ಮಾಡ್ಬಿಡೋ. ಅಳಿಸೋದಕ್ಕೆ ಅಳಿಸು ಅಂತಲೇ ಬರಿ. ಮೂಕ ಅಂತಲೂ ಬರಿ. ನಾನು ಇವರಿಗೆ ಹೇಳ್ಲಿಲ್ಲ, ಇವರು ನನಗೆ ಹೇಳ್ಲಿಲ್ಲ. ಒಂದೇ ಮನೇಲಿ ಇಬ್ಬರೂ ಒಬ್ಬೊಬ್ಬರೇ ಹೆದರ್ಕೊಂಡು ಕೂತಿದ್ವಿ ನೋಡು."

ಬರೆದೆ. "ಹೋಗಿ ಬಾ ಮಾತ್ರ ಹಂಗೇ ಇರ್ಲಿ" ಎಂದಳು. ಅದನ್ನು ಹಾಗೇ ಬಿಟ್ಟೆ.

ಹಾಡುಗಳನ್ನು ಸಿಡಿಗಳಿಗೆ ಹಾಕಿ, ಅದೇ ಚಪಾತಿ ಡಬ್ಬಿಯಲ್ಲಿಟ್ಟುಕೊಂಡು ಊರೂರಿಗೆ ಹಂಚಿದೆ. ಅರಕಲಗೂಡಿನ ಪುಟ್ಟಸ್ವಾಮಿ, "ಇದ್ರಾಗೆ ಪೆಂಗ್ವಿನ್ನು ಇಲ್ಲ ತಾನೇ?" ಎಂದು ತಿರುವಿ ತಿರುವಿ ನೋಡಿ ತೆಗೆದುಕೊಂಡ. ಷಡ್ಡಕರು ಬಹಳ ಚೆನ್ನಾಗಿದೆ ಎಂದರು, ಈ ಸಲ ಹಾಕಿ ಕೇಳಿದ್ದರು. ಈಗ ಮಾವನೂ ಇಲ್ಲ, ಅತ್ತೆಯೂ ಇಲ್ಲ. ಅತ್ತೆ ತೀರಿಕೊಂಡಳು ಎಂದು ಬರೆದು, ಅವಳ ಮಾತು ನೆನಪಾಗಿ ಅದನ್ನು ಹೊಡೆದುಹಾಕಿದೆ. ಅತ್ತೆ ಸತ್ತುಹೋದಳು. ನನಗೆ ಈಗಲೂ ದುಃಖವಾಗುತ್ತದೆ.

ಭಾನುವಾರ ಪಂಚೆಯ ಮೇಲಿನ ಕಾಫಿ ಒರೆಸಿಕೊಳ್ಳುತ್ತ ಇದೆಲ್ಲ ನೆನಪಾಗಿ ಕೂತಿದ್ದೆ. ಅಷ್ಟರಲ್ಲಿ ಇವಳು ಏಣಿ ತಂದು ಗೋಡೆಗೆ ಒರಗಿಸಿ, "ಹತ್ತಿ, ನಾನು ಕೆಳಗೆ ಹಿಡ್ಕೋತೀನಿ" ಎಂದಳು. ನಾನು ಮೊದಲ ಮೆಟ್ಟಿಲಿನ ಮೇಲೆ ಕೈಯಿಟ್ಟೆ. "ಮಂಡಿ ನೋವು" ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ.

"ನನ್ನ ಕೈಲಿ ಹತ್ತಕ್ಕಾಗಲ್ಲ ಕಣೇ. ತಲೆ ಸುತ್ತುತ್ತೆ. ಎರಡು ಸಲ ಕಣ್ಣು ಕತ್ತಲೆ ಬಂದು ಬಚ್ಚಲಲ್ಲಿ ಗೋಡೆ ಹಿಡ್ಕೊಂಡೆ. ಭಯ ಆಗ್ತಿದೆ."

ಅವಳು ನನ್ನ ಮುಖವನ್ನೇ ನೋಡಿದಳು. "ಯಾವಾಗಿಂದ?"

"ಯುಗಾದಿಯಿಂದ."

ಅವಳು ಏಣಿಯನ್ನು ಗೋಡೆಯಿಂದ ತೆಗೆದು ನೆಲಕ್ಕೆ ಮಲಗಿಸಿದಳು. ಪೇಂಟಿನವನಿಗೆ ಫೋನು ಮಾಡಿ ಸೋಮವಾರ ಬರಬೇಡ ಎಂದಳು. ಅವನು ಯಾಕೆ ಅಂತ ಕೇಳಿರಬೇಕು. "ನಮ್ಮನೆಯವರಿಗೆ ಹುಷಾರಿಲ್ಲಪ್ಪ, ನಾಳೆ ಡಾಕ್ಟರ ಹತ್ತಿರ ಕರ್ಕೊಂಡ್ ಹೋಗ್ಬೇಕು" ಎಂದಳು. ಅಷ್ಟು ನೇರವಾಗಿ ಅದನ್ನು ಕೇಳಿ ನನಗೆ ಭಯ ಹೆಚ್ಚಿತು. ಕುಂಕುಮ ಹೆಚ್ಚಿತು ಅಂದರೆ ಅತ್ತೆಯ ಮನೆಯಲ್ಲಿ ಏನರ್ಥವೋ, ಆ ಅರ್ಥದಲ್ಲೂ ಸ್ವಲ್ಪ ಹೆಚ್ಚಿತು.